ದುರ್ಗಕ್ಕ ಹತ್ತಿ ನೋಡಿದ ಗಾಡಿ

ಬುಕ್ಕಸಾಗರದ ಹೊನ್ನೂರುಸ್ವಾಮಿಯ ಅಂಗಳದಲ್ಲಿ ಈಗ ಕಾರು ಇದೆ, ಟ್ರ್ಯಾಕ್ಟರು ಇದೆ, ಮಗಳು ಕಾಲೇಜಿಗೆ ಹೋಗುವ ಸ್ಕೂಟರೂ ಇದೆ. ಆದರೆ ಯಾರಾದರೂ ಅವನಿಗೆ ಮೊದಲನೇ ಗಾಡಿ ಯಾವುದಿತ್ತು ಎಂದು ಕೇಳಿಬಿಟ್ಟರೆ, ಕೈಯಲ್ಲಿದ್ದ ಕೆಲಸ ಅಲ್ಲಿಗೇ ನಿಲ್ಲುತ್ತದೆ. "ಅದರ ಕಥಿ ನಮ್ಮ ಅತ್ತಿಯಿಂದನ ಸುರು ಮಾಡಬೇಕು. ಕುಂದ್ರಿ, ಒಂದು ಚಾ ಆಗಲಿ" ಎನ್ನುತ್ತಾನೆ. ಒಳಗಿನಿಂದ ಹೆಂಡತಿ ಸುಕನ್ಯಾ, "ಮತ್ತ ಸುರು ಆತಾ?" ಎನ್ನುತ್ತಾಳೆ. ಆದರೂ ಚಹಾ ಬರುತ್ತದೆ.

ಆಗ ಅವನಿಗೆ ಇಪ್ಪತ್ತೈದು. ಸಂಡೂರಿನ ಗುಡ್ಡಗಳಿಂದ ಅದಿರಿನ ಲಾರಿಗಳು ಇರುವೆ ಸಾಲಿನ ಹಾಗೆ ಇಳಿಯುತ್ತಿದ್ದ ಕಾಲ. ಹೊನ್ನೂರುಸ್ವಾಮಿ ಗಣಿಗೆ ಹೋದವನಲ್ಲ. ಎರಡು ಎಕರೆ ಬಾಳೆ, ಒಂದಿಷ್ಟು ಭತ್ತ ನೋಡಿಕೊಂಡಿದ್ದ. ಬೆಳಗಾದರೆ ಸೈಕಲ್ಲಿನ ಎರಡೂ ಬದಿಗೆ ಗೊನೆ ಕಟ್ಟಿಕೊಂಡು ಹಂಪಿಯ ಅಂಗಡಿಗಳಿಗೆ ಹಾಕಿ ಬರುತ್ತಿದ್ದ. ಭತ್ತ ಮಾರಲು ಕಂಪ್ಲಿಯ ರೈಸ್ ಮಿಲ್ಲಿಗೆ ಹೋದಾಗ ಬಸ್ ಸ್ಟ್ಯಾಂಡಿನ ಎದುರು ದುರ್ಗಕ್ಕನ ಅಂಗಡಿಯಲ್ಲಿ ಒಗ್ಗರಣೆ ಮಂಡಕ್ಕಿ, ಮಿರ್ಚಿ ತಿನ್ನುತ್ತಿದ್ದ. ಮೊದಮೊದಲು ಹಸಿವಿಗೆ ತಿಂದ. ಆಮೇಲೆ ದುರ್ಗಕ್ಕನ ಕಿರಿಯ ಮಗಳು ಸುಕನ್ಯಾ ಮೆಣಸಿನಕಾಯಿ ಸೀಳುವುದನ್ನು ನೋಡುತ್ತ, ಹೊಟ್ಟೆ ಬೇಡವೆಂದರೂ ಇನ್ನೆರಡು ತಿಂದ. ಮೂರು ತಿಂಗಳು ಹೀಗೇ ತಿಂದು ಎದೆಯುರಿ ಹಚ್ಚಿಕೊಂಡ ಮೇಲೆ ತಾಯಿ ಎಲ್ಲಮ್ಮನಿಗೆ ವಿಷಯ ಹೇಳಿದ. ಎಲ್ಲಮ್ಮ ತನ್ನ ತಮ್ಮ ಜಂಬುನಾಥನನ್ನು ಕರೆದುಕೊಂಡು, ಮಗನ ಜೊತೆ ಬಸ್ಸು ಹತ್ತಿ ಹೆಣ್ಣು ಕೇಳಲು ಹೋದಳು.

ದುರ್ಗಕ್ಕ ಗಂಡ ತೀರಿಹೋದ ಮೇಲೆ ಬಾಣಲೆಯ ಮುಂದೆ ಕುಳಿತು ಎರಡು ಹೆಣ್ಣುಮಕ್ಕಳನ್ನು ಬೆಳೆಸಿದವಳು. ಬಂದವರಿಗೆ ಅವಲಕ್ಕಿ ಕೊಟ್ಟು, ಹುಡುಗನನ್ನು ಮೇಲಿಂದ ಕೆಳಗೆ ಒಂದು ಸಲ ನೋಡಿ, ನೇರವಾಗಿ ಮಾತಿಗೆ ಬಂದಳು.

"ಹುಡುಗ ಚಲೋ ಅದಾನ. ಮಿರ್ಚಿ ತಿನ್ನೋದೊಂದು ಬಿಟ್ರ ಬ್ಯಾರೇ ಚಟ ಕಾಣವಲ್ದು. ನಾನು ನಿಮ್ಮನ್ನ ಏನೂ ಕೇಳಾಂಗಿಲ್ಲ. ಆದ್ರ ಮನಿಯಾಗ ಒಂದು ಗಾಡಿ ಇರಬೇಕು."

"ಗಾಡಿ ಯಾಕವ್ವ?" ಎಂದ ಜಂಬುನಾಥ. "ಕಂಪ್ಲಿ–ಹೊಸಪೇಟಿ ಬಸ್ಸು ನಮ್ಮೂರ ಮ್ಯಾಲನ ಹೋಗತಾವ."

"ಬಸ್ಸು ಅದರ ಟೈಮಿಗೆ ಬರತೈತಿ. ನನ್ನ ಮಗಳಿಗೆ ಅವ್ವನ ನೆನಪು ಬಸ್ಸಿನ ಟೈಮು ನೋಡಿ ಬರತೈತೇನು? ಬರಬೇಕು ಅನ್ನಿಸಿದಾಗ ಎದ್ದು ಬರಬೇಕು. ಗಾಡಿ ತೋರಸ್ರಿ, ಅವತ್ತ ತಾಂಬೂಲ."

ದುರ್ಗಕ್ಕ ಹೀಗೆ ಹಟ ಹಿಡಿಯಲು ಕಾರಣವಿತ್ತು. ನಮ್ಮ ಕಡೆ ಹೆಣ್ಣು ನೋಡಲು ಹೋಗುವವರು ಗಾಡಿಯನ್ನು ಎರವಲು ತರುವುದು ಹೊಸದೇನಲ್ಲ. ಇಸ್ತ್ರಿ ಅಂಗಿ ಒಬ್ಬನದು, ವಾಚು ಒಬ್ಬನದು, ಗಾಡಿ ಮತ್ತೊಬ್ಬನದು. ಒಳಗಿರುವ ಗಂಡು ಮಾತ್ರ ಅಸಲಿ. ದುರ್ಗಕ್ಕನ ಹಿರಿಯ ಮಗಳು ಪಲ್ಲವಿಯ ಗಂಡನೂ ಹೀಗೇ ಫಳಫಳ ಹೊಳೆಯುವ ಗಾಡಿಯ ಮೇಲೆ ಬಂದಿದ್ದ. ಮದುವೆಯಾದ ಎಂಟನೇ ದಿನಕ್ಕೆ ಅವನ ಗೆಳೆಯ ಬಂದು, ಹೋಳಿಗೆ ಊಟ ಮಾಡಿ, ಅಂಗಳದಲ್ಲಿದ್ದ ಗಾಡಿಯನ್ನು ಹೊಡೆದುಕೊಂಡು ಹೋದ. ಮರೆಯಾಗುತ್ತಿದ್ದ ಆ ಗಾಡಿಯ ಬೆನ್ನನ್ನು ದುರ್ಗಕ್ಕ ಮರೆತಿರಲಿಲ್ಲ.

ಹೊನ್ನೂರುಸ್ವಾಮಿ ಎರಡು ಫಸಲಿನ ಬಾಳೆಯ ರೊಕ್ಕವನ್ನು ಸೊಂಟಕ್ಕೆ ಕಟ್ಟಿಕೊಂಡು ಸಂಡೂರಿಗೆ ಹೋದ. ಅಲ್ಲೊಂದು ಗಣಿಯಲ್ಲಿ ಲಾರಿ ತೂಕ ಹಾಕುವ ಗುಮಾಸ್ತ ರೇವಣಸಿದ್ದ ಜೀಪು ಕೊಳ್ಳುವ ಉಮೇದಿನಲ್ಲಿ ತನ್ನ ಟೂ-ಸ್ಟ್ರೋಕ್ ಬೈಕನ್ನು ಮಾರಲು ಇಟ್ಟಿದ್ದಾನೆ ಎಂದು ಯಾರೋ ಹೇಳಿದ್ದರು. ಹೊನ್ನೂರುಸ್ವಾಮಿ ಅಲ್ಲಿಗೆ ಹೋದಾಗ ಸಂಜೆ. ಆಗಿನ ಗಣಿ ರಸ್ತೆ ಕಂಡವರಿಗೆ ಗೊತ್ತು: ಅಲ್ಲಿ ಮರದ ಎಲೆ ಕೆಂಪು, ಮನೆಯ ಗೋಡೆ ಕೆಂಪು, ರಸ್ತೆಯಲ್ಲಿ ಮಲಗಿದ ನಾಯಿ ಕೆಂಪು. ಆ ಕೆಂಪಿನ ನಡುವೆ ಗಾಡಿಯೂ ಕೆಂಪಗೆ ನಿಂತಿತ್ತು. ಅವನು ಇಂಜಿನ್ನಿನ ಸದ್ದು ಕೇಳಿದ, ಟೈರು ಒತ್ತಿ ನೋಡಿದ, ಚೈನು ಎಳೆದು ನೋಡಿದ. ಬಣ್ಣ ಯಾವುದೆಂದು ಕೇಳಬೇಕು ಎಂದು ಮಾತ್ರ ಅವನಿಗೆ ಹೊಳೆಯಲಿಲ್ಲ. ಕಣ್ಣಿಗೆ ಕಾಣುವುದನ್ನು ಯಾರು ಕೇಳುತ್ತಾರೆ?

ಸಂಡೂರಿನ ಫೋನ್ ಬೂತಿನಿಂದಲೇ ಕಂಪ್ಲಿಗೆ ಫೋನು ಹಚ್ಚಿದ. "ಅತ್ತಿ, ಗಾಡಿ ತಗೊಂಡೆ. ಕೆಂಪು ಗಾಡಿ. ಮಸ್ತ್ ಐತಿ. ಸೋಮವಾರ ತೊಗೊಂಡು ಬರತೀನಿ."

"ಇನ್ನಾ ಅತ್ತಿ ಆಗಿಲ್ಲ, ಬಾ ಮೊದಲು" ಎಂದಳು ದುರ್ಗಕ್ಕ. ಆದರೆ ಫೋನು ಇಟ್ಟವಳೇ, ತನ್ನ ಅಳಿಯ ಕೆಂಪು ಗಾಡಿ ಕೊಂಡ ಸುದ್ದಿಯನ್ನು ಪ್ರತಿ ಮಿರ್ಚಿಯ ಜೊತೆ ಬಸ್ ಸ್ಟ್ಯಾಂಡಿಗೆಲ್ಲ ಹಂಚಿದಳು.

ಮರುದಿನ ಎಲ್ಲಮ್ಮ ಗಾಡಿಗೆ ಪೂಜೆ ಮಾಡಬೇಕು, ಮೊದಲು ತೊಳೆದು ತಾ ಎಂದಳು. ಹೊನ್ನೂರುಸ್ವಾಮಿ ಅದನ್ನು ಕಾಲುವೆಗೆ ಇಳಿಸಿ, ಎಮ್ಮೆ ಉಜ್ಜುವ ನಾರಿನಿಂದ ತಿಕ್ಕತೊಡಗಿದ. ಕೆಂಪು ನೀರು ಹರಿಯಿತು. ತಿಕ್ಕಿದಷ್ಟೂ ಹರಿಯಿತು. ದಂಡೆಯ ಮೇಲೆ ನಿಂತ ಎಲ್ಲಮ್ಮ ಬಾಯಿ ಬಡಿದುಕೊಂಡಳು. "ಲೇ ಸ್ವಾಮಿ, ಬಣ್ಣ ಬಿಡಾಕ ಹತ್ತೈತಲ್ಲೋ! ಮೋಸ ಮಾಡ್ಯಾನ ನಿನಗ! ತಿಕ್ಕಬ್ಯಾಡ, ಅಷ್ಟಾದ್ರೂ ಉಳೀಲಿ!"

ಅವನು ನಾರನ್ನು ಎಸೆದು ಬರೀ ಅಂಗೈಯಿಂದ ಮೆತ್ತಗೆ ಸವರಿದ. ಟ್ಯಾಂಕಿನ ಮೇಲೆ ಅಂಗೈಯಗಲದ ಜಾಗ ಹೊಳೆಯಿತು. ನೀಲಿ! ಹೊಳೆಯ ಮಡುವಿನಂಥ ಅಪ್ಪಟ ನೀಲಿ. ತಾಯಿ ಮಗ ಇಬ್ಬರೂ ಅದನ್ನು ಬಹಳ ಹೊತ್ತು ನೋಡಿದರು. "ಕೆಂಪಿಗಿಂತ ಇದ ಚಂದ ಐತಿ ಬಿಡು" ಎಂದಳು ಎಲ್ಲಮ್ಮ ಕೊನೆಗೆ. ಗಾಲಿಗೆ ನಿಂಬೆಹಣ್ಣು ಇಟ್ಟು, ಹ್ಯಾಂಡಲ್ಲಿಗೆ ಹಾರ ಹಾಕಿದರು. ಅವನು ಗಾಡಿಯನ್ನು ಹಂಪಿಯ ತನಕ ಓಡಿಸಿ, ಬಾಳೆಹಣ್ಣಿನ ಗಿರಾಕಿಗಳಿಗೆಲ್ಲ ತೋರಿಸಿ ಬಂದ. ಅವತ್ತಿನ ಗಾಳಿ ಈಗಲೂ ತನ್ನ ಕಿವಿಯಲ್ಲಿದೆ ಎನ್ನುತ್ತಾನೆ.

ಸೋಮವಾರ ಕಂಪ್ಲಿಯಲ್ಲಿ ಅವನು ನೀಲಿ ಗಾಡಿಯನ್ನು ತಂದು ನಿಲ್ಲಿಸಿದಾಗ ಅಂಗಡಿಯ ಮುಂದೆ ಗದ್ದಲ ತಣ್ಣಗಾಯಿತು. ಪಕ್ಕದಲ್ಲಿ ಹೂ ಮಾರುವ ಜಂಬಕ್ಕ ಬಾಯಿ ಬಿಟ್ಟಳು: "ಯವ್ವಾ ದುರ್ಗಕ್ಕ, ನಿನ್ನ ಅಳಿಯನ ಗಾಡಿ ಬರೋ ದಾರಿಯಾಗ ಬಣ್ಣ ಬದಲಿ ಮಾಡೈತಲ್ಲಬೇ. ಓತಿಕ್ಯಾತಕ್ಕ ಹುಟ್ಟಿದ್ದೇನು?"

ಸುತ್ತಲಿದ್ದವರು ನಕ್ಕರು. ದುರ್ಗಕ್ಕ ನಗಲಿಲ್ಲ. "ಆರ್‌ಸಿ ಬುಕ್ ತಾ" ಎಂದಳು. ಹೊನ್ನೂರುಸ್ವಾಮಿ ಗಾಡಿಯ ಪಕ್ಕದ ಡಬ್ಬಿಯಿಂದ ತೆಗೆದುಕೊಟ್ಟ. ಅವಳು ಅದನ್ನು ಎಸ್ಸೆಸ್ಸೆಲ್ಸಿ ಓದಿದ ಸುಕನ್ಯಾಳ ಕೈಗಿತ್ತಳು. ಸುಕನ್ಯಾ ಒಂದು ಸಲ ಓದಿದಳು, ತಾಯಿಯ ಮುಖ ನೋಡಿದಳು, ಮತ್ತೆ ಓದಿದಳು. "ರೇವಣಸಿದ್ದ ಅಂತ ಐತಿ" ಎಂದಳು ಸಣ್ಣ ದನಿಯಲ್ಲಿ. ಅವಳು ಪುಸ್ತಕ ವಾಪಸು ಕೊಡುವಾಗ ಹೊನ್ನೂರುಸ್ವಾಮಿಯ ಕಡೆ ನೋಡಲೇ ಇಲ್ಲ. ಆ ನೋಡದಿರುವುದು ಅವನಿಗೆ ಜಂಬಕ್ಕನ ಮಾತಿಗಿಂತ ಜೋರಾಗಿ ತಾಕಿತು.

"ಹೆಸರು ಬದಲಿ ಮಾಡಸಾಕ ಕೊಡಬೇಕ್ರಿ, ತಿಂಗಳು ಹಿಡೀತೈತಿ. ಬಣ್ಣ ಅಂದ್ರ... ಅದು ಧೂಳು ಇತ್ರಿ, ತೊಳದ ಮ್ಯಾಲ..."

"ಹೆಸರು ಇನ್ನೊಬ್ಬರದು. ಬಣ್ಣ ಇನ್ನೊಂದು. ಇದರಾಗ ನಿಂದೇನೈತಪ್ಪಾ?"

"ಬೇಕಾದ್ರ ರೇವಣಸಿದ್ದಗ ಫೋನ್ ಹಚ್ಚಿ ಕೇಳ್ರಿ!"

"ಫೋನಿನಾಗ ಯಾರ್ ಬೇಕಾದ್ರೂ ರೇವಣಸಿದ್ದ ಆಗತಾರ. ಪಲ್ಲವಿ ಮದುವ್ಯಾಗೂ ಒಬ್ಬಾವ ಫೋನಿನಾಗ 'ಹೌದ್ರಿ, ಗಾಡಿ ಅವಂದ' ಅಂದಿದ್ದ." ದುರ್ಗಕ್ಕ ಜಾಲರಿ ಸೌಟನ್ನು ಮಗಳ ಕೈಗೆ ಕೊಟ್ಟು, ಸೆರಗನ್ನು ಸೊಂಟಕ್ಕೆ ಬಿಗಿದಳು. "ನಡಿ. ಮಾರಿದಾವನ ಮುಂದ ನಿಂತು ಕೇಳತೀನಿ. ಹೌದಂದ್ರ ಅಲ್ಲೇ ಸಕ್ಕರಿ ಹಂಚತೀನಿ. ಇಲ್ಲಂದ್ರ ಆ ಕಡಿಯಿಂದ ನೀ ನಿಮ್ಮೂರಿಗೆ ಹೋಗು, ನಾ ಬಸ್ಸಿಗೆ ಬರತೀನಿ. ಮತ್ತ ಈ ಅಂಗಡಿ ಕಡಿ ಮಾರಿ ಹಾಕಬ್ಯಾಡ."

ಕಂಪ್ಲಿಯಿಂದ ಸಂಡೂರು ಎಂದರೆ ಅರ್ಧ ದಿನದ ಮಾತು. ಆದರೆ ಬೇರೆ ದಾರಿ ಇರಲಿಲ್ಲ. ಗಾಡಿಯನ್ನು ಎಡಕ್ಕೆ ಸ್ವಲ್ಪ ವಾಲಿಸಿ, ಮೂರು ಕಿಕ್ ಸುಮ್ಮನೆ ಹೊಡೆದು ನಾಲ್ಕನೆಯದನ್ನು ಜೋರಾಗಿ ಒದೆದರೆ ಮಾತ್ರ ಅದು ಶುರುವಾಗುತ್ತಿತ್ತು. ಶುರುವಾಯಿತು. ದುರ್ಗಕ್ಕ ಹುಟ್ಟಿದ ಮೇಲೆ ಮೊದಲ ಸಲ ಗಾಡಿಯ ಹಿಂದೆ ಕುಳಿತಳು. ಒಂದು ಕೈಯಿಂದ ಅವನ ಹೆಗಲನ್ನು ಹಿಡಿದಳು. ಸೌಟು ಹಿಡಿದು ಗಟ್ಟಿಯಾದ ಕೈ. ರಾಮಸಾಗರ ದಾಟುವಷ್ಟರಲ್ಲಿ ಅವನ ಹೆಗಲು ಜೋಮು ಹಿಡಿದಿತ್ತು.

ಬುಕ್ಕಸಾಗರದಲ್ಲಿ ಎಲ್ಲಮ್ಮ, ಜಂಬುನಾಥ ಇಬ್ಬರೂ ಕಟ್ಟೆಯ ಮೇಲೆ ಕುಳಿತು ತಾಂಬೂಲದ ಸುದ್ದಿಗೆ ಕಾಯುತ್ತಿದ್ದರು. ಅವರ ಕಣ್ಣೆದುರೇ ಗಾಡಿ ನಿಲ್ಲದೆ ಭರ್ರನೆ ಹೋಯಿತು.

"ಎಲ್ಲಿಗಲೇ?" ಎಂದು ಕೂಗಿದಳು ಎಲ್ಲಮ್ಮ.

"ಸಂಡೂರಿಗೆ!"

ಜಂಬುನಾಥ ಬೀಡಿ ಬಾಯಿಂದ ತೆಗೆದು ಹೇಳಿದ ಮಾತನ್ನು ಊರು ಇನ್ನೂ ಆಡಿಕೊಳ್ಳುತ್ತದೆ: "ಮಗಳನ್ನ ಕರಕೊಂಡು ಬಾರಲೇ ಅಂದ್ರ ಇವ ಅವ್ವನ್ನ ಓಡಿಸಿಕೊಂಡು ಹೊಂಟಾನಲ್ಲ ಮಾರಾಯ!"

ಕಮಲಾಪುರದ ಬಂಕಿನಲ್ಲಿ ಗಾಡಿ ನಿಲ್ಲಿಸಿದ. ದಾರಿಯಲ್ಲಿ ಎಲ್ಲಾದರೂ ಪೆಟ್ರೋಲು ತೀರಿ ಗಾಡಿ ನಿಂತರೆ ಮದುವೆಯೂ ಅಲ್ಲೇ ನಿಂತಂತೆ ಎಂದು ಅವನ ಹೆದರಿಕೆ. "ಫುಲ್ ಮಾಡು" ಎಂದ. ಪೆಟ್ರೋಲಿಗೆ ಆಯಿಲ್ ಬೆರೆಸುವ ಹುಡುಗ ಅಳತೆ ಪಾತ್ರೆಯನ್ನು ಪೂರ್ತಿ ಬಗ್ಗಿಸದೆ ಎತ್ತಿದಾಗ ಹೊನ್ನೂರುಸ್ವಾಮಿ ರೇಗಿದ. "ಏ, ತಳದಾಗ ಉಳೀತಲ್ಲಪ್ಪಾ! ಇಂಜಿನ್ ಸೀಜ್ ಆದ್ರ ನೀ ಬರತೀಯೇನು ರಿಪೇರಿ ಮಾಡಾಕ? ಸುರವು ಪೂರಾ." ದುರ್ಗಕ್ಕ ಪಕ್ಕದಲ್ಲಿ ನಿಂತು, ಸೊಂಟಕ್ಕೆ ಕೈ ಕೊಟ್ಟು ಎಲ್ಲವನ್ನೂ ನೋಡಿದಳು. ಮತ್ತೆ ಹತ್ತುವಾಗ ಸೀರೆಯ ಕಚ್ಚೆ ಬಿಗಿದು, ಗಂಡಸರ ಹಾಗೆ ಎರಡೂ ಕಡೆ ಕಾಲು ಹಾಕಿ ಕುಳಿತಳು.

"ಹಿಂಗ ಕುಂತ್ರ ಚಲೋ ನೋಡು. ಹೂಂ, ಸ್ವಲ್ಪ ಜೋರ್ ಬಿಡು."

ಹೊಸಪೇಟೆ ದಾಟಿದ ಮೇಲೆ ಅವಳ ಹಿಡಿತ ಸಡಿಲವಾಯಿತು. ಗುಡ್ಡದ ಏರಿನಲ್ಲಿ ಅದಿರಿನ ಲಾರಿಗಳ ಹಿಂದೆ ಸಿಕ್ಕಿಕೊಂಡಾಗ, "ಎಡಕ್ಕ ಸಂದಿ ಐತಿ, ತೂರಿಸು! ಅವ ಏನ್ ಆನಿ ಮ್ಯಾಲ ಹೊಂಟಾನೇನು, ಹಾರ್ನ್ ಹೊಡಿ!" ಎಂದು ಬೆನ್ನಿಗೆ ಗುದ್ದಿದಳು. ಹೊನ್ನೂರುಸ್ವಾಮಿಗೆ ಇದಾವುದೂ ರುಚಿಸಲಿಲ್ಲ. ಅವನ ತಲೆಯ ತುಂಬ ಒಂದೇ ಮಾತು: ರೇವಣಸಿದ್ದ ಸಿಗಬೇಕು, ಒಂದು ಹೌದು ಎನ್ನಬೇಕು.

ಸಂಡೂರಿನ ಗಣಿಯಲ್ಲಿ, ಲಾರಿ ತೂಕದ ಕಟ್ಟೆಯ ಮೇಲೆ ಬೇರೆ ಯಾರೋ ಕುಳಿತಿದ್ದ. "ರೇವಣಸಿದ್ದಣ್ಣ ಜೀಪು ತರಾಕ ಬಳ್ಳಾರಿಗೆ ಹೋಗ್ಯಾನ. ನಾಡಿದ್ದು ಬರತಾನ. ಗಾಡಿ ಮಾರಿದ್ದು? ನಾನು ನಿನ್ನೆ ಬಂದಾವ, ನನಗ ಗೊತ್ತಿಲ್ರಿ" ಎಂದ.

ಹೊನ್ನೂರುಸ್ವಾಮಿ ಹಾಗೇ ಗಾಡಿಗೆ ಒರಗಿ ನಿಂತ. ಮೂರು ತಿಂಗಳ ಮಿರ್ಚಿ, ಎರಡು ಫಸಲಿನ ಬಾಳೆ ಎಲ್ಲ ಕೆಂಪು ಮಣ್ಣಿಗೆ ಬಿದ್ದ ಹಾಗಾಯಿತು. ದುರ್ಗಕ್ಕನ ಮುಖ ನೋಡುವ ಧೈರ್ಯವಿಲ್ಲದೆ ಗಾಡಿಯನ್ನೇ ನೋಡಿದ. ಅದು ಮತ್ತೆ ಕೆಂಪಗಾಗಿತ್ತು. ದುರ್ಗಕ್ಕನ ಹಸಿರು ಸೀರೆ, ಅವಳ ಬಿಳಿ ಬೆರೆತ ಕೂದಲು, ರೆಪ್ಪೆ ಎಲ್ಲ ಕೆಂಪಗಾಗಿದ್ದವು. ಅವಳು ತನ್ನ ಸೆರಗನ್ನು ಒಮ್ಮೆ ಝಾಡಿಸಿ, ಎದ್ದ ಧೂಳನ್ನು ನೋಡಿ, "ಬಣ್ಣದ ಮಾತು ಖರೇನ ಅಂದಂಗಾತು" ಎಂದಳು.

"ಖರೇ ಅತ್ತಿ. ನಾಡಿದ್ದು ಮತ್ತ ಬರೋಣ್ರಿ. ನಾ ನಿಮ್ಮ ಕಾಲು..."

"ನಾಡಿದ್ದಿನ ಮಾತು ಆಮ್ಯಾಲ. ಗಾಡಿ ಹತ್ತು. ಮುಂದ ಎಡಕ್ಕ ತಿರುಗಿಸು."

ಎಡಕ್ಕೆ, ಮತ್ತೆ ಬಲಕ್ಕೆ, ಒಂದು ಬೇವಿನ ಮರ ದಾಟಿ ಮೂರನೇ ಮನೆ. ಎಲ್ಲಿಗೆ ಎಂದು ಕೇಳದೆ ಅವಳು ಹೇಳಿದ ಹಾಗೆ ತಿರುಗಿಸಿ ನಿಲ್ಲಿಸಿದ. ಬಾಗಿಲಲ್ಲಿ ಒಬ್ಬ ಹಿರಿಯ ಹೆಂಗಸು ಜೋಳ ಹಸನು ಮಾಡುತ್ತ ಕುಳಿತಿದ್ದಳು. ಗಾಡಿಯಿಂದ ಇಳಿದ ಕೆಂಪು ಆಕಾರವನ್ನು ನೋಡಿ, "ಯಾರಬೇ? ಏನ್ ಬೇಕು?" ಎಂದಳು.

"ನಿನ್ನ ತಂಗೀನಬೇ ತಾಯಕ್ಕ! ಮಾರಿ ತೊಳದ್ರ ಗುರುತು ಹಿಡೀತಿಯೇನು?"

ಮೊರ ಒಂದು ಕಡೆ ಹೋಯಿತು, ಜೋಳ ಒಂದು ಕಡೆ ಹೋಯಿತು. ಅಕ್ಕ ತಂಗಿ ಒಬ್ಬರನ್ನೊಬ್ಬರು ಅಪ್ಪಿಕೊಂಡು ನಕ್ಕರು, ಅತ್ತರು, ಮತ್ತೆ ನಕ್ಕರು. ಬಿಡುವಷ್ಟರಲ್ಲಿ ತಾಯಕ್ಕನೂ ಅರ್ಧ ಕೆಂಪಾಗಿದ್ದಳು. "ಹಬ್ಬ ಇಲ್ಲ, ಹುಣ್ಣಿಮಿ ಇಲ್ಲ, ಹೆಂಗ ಬಂದಿಯೇ? ಯಾರು ಬಿಟ್ರು ನಿನ್ನ? ಈ ಹುಡುಗ ಯಾರು?"

ದುರ್ಗಕ್ಕ ಕಣ್ಣೊರೆಸಿಕೊಂಡು, ಎಷ್ಟೋ ವರ್ಷದಿಂದ ಹೇಳಿ ರೂಢಿಯಾದವಳ ಹಾಗೆ ಹೇಳಿದಳು: "ಸುಕನ್ಯಾನ ಗಂಡ."

ಹೊನ್ನೂರುಸ್ವಾಮಿ ಗಾಡಿಗೆ ಸ್ಟ್ಯಾಂಡು ಹಾಕುತ್ತಿದ್ದವನು ಕಾಲು ತಪ್ಪಿ, ಗಾಡಿ ಸಮೇತ ಬೇಲಿಗೆ ಒರಗಿದ.

ತಾಯಕ್ಕ ರೊಟ್ಟಿ ಬಡಿದು, ಬದನೆಕಾಯಿ ಎಣ್ಣೆಗಾಯಿ ಮಾಡಿ, ಇಬ್ಬರಿಗೂ ಬಡಿಸಿದಳು. ಎರಡನೇ ರೊಟ್ಟಿಗೆ ಹೊನ್ನೂರುಸ್ವಾಮಿಗೆ ಧೈರ್ಯ ಬಂತು.

"ಅತ್ತಿ, ರೇವಣಸಿದ್ದ ಸಿಗಲೇ ಇಲ್ಲ. ಮತ್ತ ಗಾಡಿ ನಂದ ಅಂತ ಹೆಂಗ ನಂಬಿದ್ರಿ?"

"ಕಮಲಾಪುರದಾಗನ ನಂಬಿದೆ. ಎರವಲು ಗಾಡಿ ತಂದಾವ ಪೆಟ್ರೋಲು ಹನಿ ಎಣಿಸಿ ಹಾಕಸ್ತಾನ, ತಿರುಗಿ ಕೊಡೋ ಹೊತ್ತಿಗೆ ಟ್ಯಾಂಕು ಒಣಗಿರಬೇಕು ಅಂತ. ನೀನು ಬಾಯಿ ತನಕ ತುಂಬಿಸಿದಿ. ಸಾಲದ್ದಕ್ಕ ಒಂದು ಬೊಟ್ಟು ಆಯಿಲಿಗೆ ಬಂಕಿನ ಹುಡುಗನ ಕೂಡ ಜಗಳ ತಗದಿ. ಮಂದಿ ಗಾಡಿ ಇಂಜಿನ್ ಹಾಳಾದ್ರ ಯಾವ ಮಗ ಹೊಟ್ಟಿ ಉರಿಸಿಕೊಂತಾನ?"

"ಅಲ್ಲೇ ಹೇಳಬಾರದಿತ್ತೇನ್ರಿ? ಸಂಡೂರು ಬರೋ ತನಕ ನನ್ನ ಜೀವ ಬಾಯಿಗೆ ಬಂದಿತ್ತು!"

"ಹೇಳಿದ್ರ ನೀನು ಗಾಡಿ ತಿರುಗಿಸಿಬಿಡತಿದ್ದಿ." ದುರ್ಗಕ್ಕ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದಳು. "ಇದು ನನ್ನ ತವರ ದಾರಿ ಅಪ್ಪಾ. ಲಗ್ನ ಆಗಿ ಕಂಪ್ಲಿಗೆ ಹೋದ ಮ್ಯಾಲ ತವರಿಗೆ ಬರಬೇಕು ಅಂತ ಸಾವಿರ ಸಲ ಅನ್ನಿಸೈತಿ. ಬಂದಿದ್ದು ಹನ್ನೊಂದು ಸಲ. ಒಮ್ಮಿ ಮಾವನ ಅಪ್ಪಣಿ ಇಲ್ಲ, ಒಮ್ಮಿ ಬಸ್ಸಿಲ್ಲ, ಒಮ್ಮಿ ಗಂಡಗ ಪುರುಸೊತ್ತಿಲ್ಲ. ಇವತ್ತ ಯಾರನ್ನೂ ಕೇಳಲಿಲ್ಲ. ಸುಮ್ಮನ ಹತ್ತಿ ಕುಂತೆ, ಬಂದೆ. ಅದಕ್ಕ ಕಮಲಾಪುರದಾಗ ಬಾಯಿ ಮುಚ್ಚಿಕೊಂಡು ಕುಂತೆ."

ತಾಯಕ್ಕ ಇಬ್ಬರ ತಟ್ಟೆಗೂ ಕೇಳದೆ ತುಪ್ಪ ಹಾಕಿದಳು.

ದೀಪ ಹಚ್ಚುವ ಹೊತ್ತಿಗೆ ಕಂಪ್ಲಿಗೆ ಬಂದರು. ದುರ್ಗಕ್ಕ ಇಳಿದು, ಎರಡು ಹೆಜ್ಜೆ ಕುದುರೆ ಸವಾರನ ಹಾಗೆ ಕಾಲಗಲಿಸಿ ನಡೆದು, ಬಾಗಿಲಲ್ಲಿ ಕಾಯುತ್ತಿದ್ದ ಜಂಬಕ್ಕನಿಗೆ, "ಹೂ ಎತ್ತಿಡಬೇ, ತಾಂಬೂಲಕ್ಕ ಬೇಕು" ಎಂದಳು. "ಏಳ್ರಿ ದಾರಿ ಬಿಡ್ರಿ, ಮೈ ತೊಳಕಂತೀನಿ" ಎಂದು ಸೀದಾ ಅಂಗಡಿಯ ಹಿಂದಿನ ಬಚ್ಚಲಿಗೆ ಹೋದಳು.

ಸುಕನ್ಯಾ ಚೊಂಬಿನಲ್ಲಿ ನೀರು ತಂದು ಕೊಟ್ಟಳು. ಈ ಸಲ ಅವನ ಮುಖ ನೋಡಿದಳು.

"ನಮ್ಮವ್ವ ಒಪ್ಪಿದ್ಲು ಅನ್ನಸ್ತೈತಿ. ನನ್ನ ಮಾತ್ರ ಯಾರೂ ಕೇಳಿಲ್ಲ."

ಹೊನ್ನೂರುಸ್ವಾಮಿಗೆ ಕುಡಿದ ನೀರು ನೆತ್ತಿಗೇರಿತು. ಕೆಮ್ಮು ನಿಂತ ಮೇಲೆ ಕೇಳಿದ: "ನಿನಗ... ನಿನಗ ಒಪ್ಪಿಗಿ ಐತೇನು?"

"ಗಾಡಿ ಹೊಡಿಯಾಕ ನನಗ ಕಲಿಸ್ತೀರೇನು? ಅವ್ವನ ನೆನಪು ಬಂದಾಗೆಲ್ಲ ನಿಮ್ಮನ್ನ ಯಾಕ ಕೇಳಬೇಕು? ನಾನ ಹೋಗತೀನಿ."

ಅವನು ಯೋಚಿಸಲು ಹೋಗಲಿಲ್ಲ. ಗಾಡಿಯನ್ನು ಎಡಕ್ಕೆ ವಾಲಿಸಿ ಹಿಡಿದ. "ಮೂರು ಮೆತ್ತಗ. ನಾಕನೇದು ಜೋರ್."

ಸುಕನ್ಯಾ ಲಂಗವನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು ಒದ್ದಳು. ಒಂದು, ಎರಡು, ಮೂರು. ನಾಲ್ಕನೆಯದಕ್ಕೆ ಗಾಡಿ ಬೀದಿಯೆಲ್ಲ ಕೇಳುವ ಹಾಗೆ ಭರ್ರೆಂದು ಎದ್ದಿತು. ಅವಳು ಬೆಚ್ಚಿ ಹಿಂದೆ ಸರಿದವಳು, ಅದರ ಸದ್ದಿಗಿಂತ ಜೋರಾಗಿ ನಕ್ಕಳು.

ಬಚ್ಚಲಿನಿಂದ ದುರ್ಗಕ್ಕನ ದನಿ ಸಿಡಿಯಿತು: "ಯಾವನಲೇ ಅವ, ನಮ್ಮ ಗಾಡಿ ಮುಟ್ಟಿದಾವ? ಬಂದೆ ತಡಿ!"